ಇಲಿಯ ಟಿಎನ್‌ಎಫ್-ಆಲ್ಫಾ: ಲ್ಯಾಬಿನಲ್ಲಿ ಬಳಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಸೆಲ್ ಕಲ್ಚರ್ ರೂಮು ನೋಡಿಕೊಳ್ಳುತ್ತೇನೆ. ಎಂಎಸ್ಸಿ ಪ್ರಾಜೆಕ್ಟಿನವರು, ಪಿಎಚ್‌ಡಿ ಮಾಡುವವರು, ಎಂಡಿ ಓದುತ್ತಿರುವ ಡಾಕ್ಟರುಗಳು ಎಲ್ಲರೂ ಬರುತ್ತಾರೆ. ರಾಯಚೂರು, ಕೊಪ್ಪಳದಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. "ಮೇಡಂ, ಪ್ರೋಟೀನ್ ಕೆಟ್ಟಿದೆ ಅನ್ಸುತ್ತೆ, ಕೆಲಸ ಮಾಡ್ತಿಲ್ಲ" ಅಂತ ಬಂದವರಲ್ಲಿ ಹೆಚ್ಚಿನವರ ಪ್ರೋಟೀನ್ ಚೆನ್ನಾಗಿಯೇ ಇತ್ತು. ಟ್ಯೂಬ್ ತೆರೆದ ಮೊದಲ ಹತ್ತು ನಿಮಿಷದಲ್ಲೋ, ಕಂಟ್ರೋಲ್ (ಹೋಲಿಸಿ ನೋಡಲು ಪಕ್ಕದಲ್ಲಿಡುವ ಮಾದರಿ) ಇಡದೇ ಬಿಟ್ಟ ಕಡೆಯೋ ಎಡವಟ್ಟಾಗಿತ್ತು. ಒಂದು ಚಿಕ್ಕ ಟ್ಯೂಬಿಗೆ ಕೊಡುವ ದುಡ್ಡು ನಮ್ಮ ವಿದ್ಯಾರ್ಥಿಗಳಿಗೆ ಸಣ್ಣದಲ್ಲ. ಅದಕ್ಕೇ ಇದನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಟಿಎನ್‌ಎಫ್-ಆಲ್ಫಾ ಅಂದರೆ ಏನು?

ಮೈಯಲ್ಲಿ ಸೋಂಕು ಅಥವಾ ಗಾಯ ಆದಾಗ ಉರಿಯೂತ ಶುರು ಮಾಡಿಸುವ ಪ್ರೋಟೀನುಗಳಲ್ಲಿ ಇದು ಮುಖ್ಯವಾದದ್ದು. ಹೆಚ್ಚಾಗಿ ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಕೋಶಗಳು ಇದನ್ನು ಬಿಡುತ್ತವೆ. ಸುತ್ತಲಿನ ಕೋಶಗಳಿಗೆ "ಎಚ್ಚರ" ಅಂತ ಸುದ್ದಿ ಮುಟ್ಟಿಸುವ ಇಂಥ ಪ್ರೋಟೀನುಗಳನ್ನು ಸೈಟೋಕೈನ್ ಅನ್ನುತ್ತಾರೆ.

1975ರಲ್ಲಿ ಅಮೆರಿಕದ ಲಾಯ್ಡ್ ಓಲ್ಡ್ ಮತ್ತು ಅವರ ಜೊತೆಯವರು ಇಲಿಗಳಿಗೆ ಬಿಸಿಜಿ ಕೊಟ್ಟು, ಆಮೇಲೆ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಗೋಡೆಯ ವಸ್ತು) ಚುಚ್ಚಿದರು. ಆ ಇಲಿಗಳ ಸೀರಮ್ಮಿನಲ್ಲಿ (ರಕ್ತದ ತಿಳಿಯಲ್ಲಿ) ಗಡ್ಡೆಯನ್ನು ಸಾಯಿಸುವ ಒಂದು ವಸ್ತು ಇರುವುದು ಗೊತ್ತಾಯಿತು. ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ ಅನ್ನೋ ಹೆಸರು ಬಂದಿದ್ದು ಅಲ್ಲಿಂದಲೇ. ಬಿಸಿಜಿ ಅಂದರೆ ನಮ್ಮ ಮಕ್ಕಳಿಗೆಲ್ಲ ತೋಳಿಗೆ ಹಾಕಿಸುತ್ತೇವಲ್ಲ, ಅದೇ. ಆಮೇಲೆ 1985ರಲ್ಲಿ, ಕಾಯಿಲೆ ಬಿದ್ದ ಪ್ರಾಣಿಗಳನ್ನು ಸೊರಗಿಸುವ ಕ್ಯಾಕೆಕ್ಟಿನ್ ಅನ್ನೋ ವಸ್ತುವೂ ಇದೂ ಒಂದೇ ಅಂತ ಬ್ರೂಸ್ ಬಾಯ್ಟ್ಲರ್ ಮತ್ತು ಆಂಥನಿ ಸೆರಾಮಿ ತಂಡದ ಕೆಲಸದಿಂದ ತಿಳಿಯಿತು.

ರಿಕಾಂಬಿನಂಟ್ ಅಂತ ಬರೆದಿದೆ. ಇಲಿಯನ್ನು ಕೊಂದು ತೆಗೆದದ್ದಾ?

ಇಲ್ಲ. ಇದನ್ನು ಕೇಳುವಾಗ ಕೆಲವರಿಗೆ ಸಂಕೋಚ ಆಗುತ್ತದೆ, ಸಂಕೋಚ ಬೇಡ. ಇಲಿಯ ಟಿಎನ್‌ಎಫ್ ಜೀನನ್ನು ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾದೊಳಗೆ ಸೇರಿಸುತ್ತಾರೆ. ಬ್ಯಾಕ್ಟೀರಿಯಾ ಆ ಪ್ರೋಟೀನನ್ನು ತಯಾರಿಸುತ್ತದೆ. ಅದನ್ನು ಶುದ್ಧ ಮಾಡಿ, ಒಣಗಿಸಿ ಟ್ಯೂಬಿಗೆ ತುಂಬುತ್ತಾರೆ. ಇಲಿಯದ್ದು ಅಂತ ಇರುವುದು ಜೀನಿನ ಬರಹ ಮಾತ್ರ.

ಇಲಿಯ ಮೈಯಲ್ಲಿ ಈ ಪ್ರೋಟೀನ್ ಮೊದಲು 235 ಅಮೈನೋ ಆಮ್ಲಗಳಷ್ಟು ಉದ್ದವಾಗಿ ಕೋಶದ ಪೊರೆಗೆ ಕಚ್ಚಿಕೊಂಡಿರುತ್ತದೆ. ಒಂದು ಕಿಣ್ವ ಅದನ್ನು ಕತ್ತರಿಸಿದ ಮೇಲೆ ಹೊರಗಿನ ತುಂಡು ಬಿಡುಗಡೆಯಾಗುತ್ತದೆ. ನಾವು ಕೊಳ್ಳುವುದು ಸಾಮಾನ್ಯವಾಗಿ ಆ ತುಂಡನ್ನೇ: 156 ಅಮೈನೋ ಆಮ್ಲ, ಸುಮಾರು 17 ಕಿಲೋಡಾಲ್ಟನ್. ಕೆಲಸ ಮಾಡುವಾಗ ಇಂಥ ಮೂರು ತುಂಡುಗಳು ಜೊತೆಗೂಡಿ ಒಂದಾಗಿರುತ್ತವೆ. ಆದರೆ ಪ್ರೋಟೀನನ್ನು ತೂಕದ ಮೇಲೆ ಬೇರ್ಪಡಿಸುವ ಎಸ್‌ಡಿಎಸ್ ಜೆಲ್ಲಿನಲ್ಲಿ ಆ ಮೂರೂ ಬಿಡಿಬಿಡಿಯಾಗುತ್ತವೆ. ಹಾಗಾಗಿ ಜೆಲ್ ಓಡಿಸಿದಾಗ 17ರ ಹತ್ತಿರ ಒಂದೇ ಪಟ್ಟಿ ಕಂಡರೆ ಗಾಬರಿ ಬೇಡ, ಅದು ಸರಿಯೇ.

ಮೌಸ್, ರ‍್ಯಾಟ್ ಎರಡೂ ಇಲಿಯೇ ಅಲ್ವಾ? ಯಾವುದನ್ನು ತರಿಸಲಿ?

ನಮ್ಮ ಮಾತಿನಲ್ಲಿ ಎರಡಕ್ಕೂ ಇಲಿ ಅಂದುಬಿಡುತ್ತೇವೆ, ತೊಂದರೆ ಆಗುವುದೇ ಅಲ್ಲಿ. ಅಂಗೈಯಲ್ಲಿ ಕೂರುವ ಚಿಕ್ಕದು ಮೌಸ್, ದೊಡ್ಡ ಜಾತಿ ರ‍್ಯಾಟ್. ಆರ್ಡರ್ ಫಾರಂ ತುಂಬುವಾಗ ನಿಮ್ಮ ಕೋಶ ಯಾವುದರದ್ದು ಅಂತ ಮೊದಲು ನೋಡಿ. ಲ್ಯಾಬಿನಲ್ಲಿ ಬೆಳೆಸುವ ಎಲ್929, ರಾ 264.7 (ಇದು ಮ್ಯಾಕ್ರೋಫೇಜ್) ಎರಡೂ ಮೌಸ್ ಕೋಶಗಳು. ರ‍್ಯಾಟ್ ಟಿಎನ್‌ಎಫ್ ಮೌಸ್ ಕೋಶದ ಮೇಲೂ ಕೆಲಸ ಮಾಡುತ್ತದೆ ನಿಜ. ಆದರೆ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ಎಲೈಸಾ ಕಿಟ್ಟಿನ ಆಂಟಿಬಾಡಿ ಎರಡನ್ನೂ ಒಂದೇ ಥರ ಹಿಡಿಯುತ್ತದೆ ಅಂತ ನಂಬಿ ಕೂರಬೇಡಿ. ಈ ಪುಟದಲ್ಲಿ ನಾನು ಇಲಿ ಅಂದಲ್ಲೆಲ್ಲ ಮೌಸ್ ಅಂತಲೇ ಓದಿಕೊಳ್ಳಿ.

ಪಕ್ಕದ ಲ್ಯಾಬಿನಲ್ಲಿ ಮನುಷ್ಯರ ಟಿಎನ್‌ಎಫ್ ಉಳಿದಿದೆ. ಅದನ್ನೇ ಇಲಿ ಕೋಶಕ್ಕೆ ಹಾಕಬಹುದಾ?

ಹಾಕಿದರೆ ಅರ್ಧ ಉತ್ತರ ಸಿಗುತ್ತದೆ. ಕೋಶದ ಮೇಲೆ ಟಿಎನ್‌ಎಫ್‌ಗೆ ಎರಡು ಬಗೆಯ ರಿಸೆಪ್ಟರ್ (ಅದು ಬಂದು ಅಂಟುವ ಜಾಗ) ಇವೆ. ಮನುಷ್ಯರ ಟಿಎನ್‌ಎಫ್ ಇಲಿಯ ಮೊದಲನೇ ರಿಸೆಪ್ಟರಿಗೆ ಅಂಟುತ್ತದೆ, ಎರಡನೆಯದಕ್ಕೆ ಅಂಟುವುದಿಲ್ಲ. ಇಲಿಯ ಟಿಎನ್‌ಎಫ್ ಎರಡಕ್ಕೂ ಅಂಟುತ್ತದೆ. ನಿಮ್ಮ ಪ್ರಯೋಗದಲ್ಲಿ ಎರಡನೇ ರಿಸೆಪ್ಟರಿನ ಪಾತ್ರ ಇದ್ದರೆ ಫಲಿತಾಂಶವೇ ಬದಲಾಗುತ್ತದೆ. ಇಲಿ ಕೋಶಕ್ಕೆ ಇಲಿಯದ್ದನ್ನೇ ಬಳಸಿ.

ಟ್ಯೂಬ್ ಖಾಲಿ ಬಂದಿದೆ! ವಾಪಸ್ ಕಳಿಸಲಾ?

ಖಾಲಿ ಇಲ್ಲ. ಚಿಕ್ಕ ಟ್ಯೂಬಿನಲ್ಲಿರುವ 10 ಮೈಕ್ರೋಗ್ರಾಂ ಅಂದರೆ ಒಂದು ಗ್ರಾಮಿನ ಲಕ್ಷದಲ್ಲಿ ಒಂದು ಪಾಲು. ಅದು ಟ್ಯೂಬಿನ ತಳದಲ್ಲೋ ಗೋಡೆಯ ಮೇಲೋ ತೆಳು ಪೊರೆಯಾಗಿ ಕೂತಿರುತ್ತದೆ. ಟ್ಯೂಬನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನ ತಿರುಗಿಸಿ. ಒಣಗಿದ ಸೋಪಿನ ನೀರಿನ ಕಲೆಯ ಹಾಗೆ ಮಸುಕಾಗಿ ಏನೋ ಕಂಡೀತು. ಕಾಣದಿದ್ದರೂ ಅದು ಅಲ್ಲಿದೆ.

ಒಮ್ಮೆ ಒಬ್ಬ ಹುಡುಗಿ ಮುಚ್ಚಳ ತೆಗೆದು, ಏನೂ ಇಲ್ಲ ಅಂತ ತಲೆಕೆಳಗು ಮಾಡಿ ಬೆಂಚಿಗೆ ತಟ್ಟಿದ್ದಳು. ಆಮೇಲೆ ಅದನ್ನೇ ಕರಗಿಸಿ ಬಳಸಿದಾಗ ಡೋಸ್ ತುಂಬಾ ಕಡಿಮೆ ಬಂತು. ಪುಡಿಯ ಒಂದು ಪಾಲು ಬೆಂಚಿನ ಮೇಲೆ ಹೋಗಿತ್ತು. ಅದಕ್ಕೇ ನಮ್ಮ ರೂಮಿನಲ್ಲಿ ಒಂದು ನಿಯಮ ಇದೆ: ಮುಚ್ಚಳ ತೆಗೆಯುವ ಮೊದಲು ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು ಹಾಕಿಸಲೇಬೇಕು. ಅರ್ಧ ನಿಮಿಷ ಸಾಕು. ಪುಡಿ ತಳಕ್ಕೆ ಇಳಿಯುತ್ತದೆ.

ಪಾರ್ಸಲ್ ಬಿಸಿಯಾಗಿ ಬಂದಿದೆ. ಪ್ರೋಟೀನ್ ಕೆಟ್ಟಿರುತ್ತದಾ?

ಏಪ್ರಿಲ್, ಮೇ ತಿಂಗಳಲ್ಲಿ ದಿನಾ ಬರುವ ಪ್ರಶ್ನೆ. ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ, 40 ಡಿಗ್ರಿ ದಾಟುತ್ತದೆ. ನಿಂತ ಗಾಡಿಯೊಳಗೆ ಇನ್ನೂ ಜಾಸ್ತಿ. ಬೆಂಗಳೂರಿನಿಂದ ಇಲ್ಲಿಗೆ ಮುನ್ನೂರು ಕಿಲೋಮೀಟರ್ ದಾಟಿ ಬರುವಷ್ಟರಲ್ಲಿ ಜೆಲ್ ಪ್ಯಾಕ್ ನೀರಾಗಿರುತ್ತದೆ.

ಒಣ ಪುಡಿ ದ್ರವಕ್ಕಿಂತ ಬಹಳ ಗಟ್ಟಿ. ಎಷ್ಟೋ ಕಂಪನಿಗಳು ಒಣ ಸೈಟೋಕೈನನ್ನು ಐಸ್ ಇಲ್ಲದೆಯೇ ಕಳಿಸುತ್ತವೆ. ಹಾಗಾಗಿ ಜೆಲ್ ಪ್ಯಾಕ್ ಕರಗಿದೆ ಅಂದ ಮಾತ್ರಕ್ಕೆ ಪ್ರೋಟೀನ್ ಹೋಯಿತು ಅಂತಲ್ಲ. ಡೇಟಾಶೀಟಿನಲ್ಲಿ ಕೋಣೆಯ ಬಿಸಿಯಲ್ಲಿ ಎಷ್ಟು ದಿನ ತಡೆಯುತ್ತದೆ ಅಂತ ಬರೆದಿರುತ್ತದೆ, ಅದನ್ನು ನೋಡಿ. ಆದರೆ ದ್ರವ ರೂಪದಲ್ಲಿ ತರಿಸಿದ್ದು ಬಿಸಿಯಾಗಿ ಬಂದರೆ ಸುಮ್ನೆ ಒಳಗಿಡಬೇಡಿ. ಫೋಟೋ ತೆಗೆದು, ತಲುಪಿದ ಹೊತ್ತು ಬರೆದು, ಅವತ್ತೇ ದೂರು ಕೊಡಿ.

ಆರ್ಡರ್ ಹಾಕುವಾಗಲೇ ವಾರದ ಮೊದಲ ದಿನಗಳಲ್ಲಿ ತಲುಪುವ ಹಾಗೆ ಹೇಳಿ. ನನ್ನದೇ ಒಂದು ಪಾರ್ಸಲ್ ಶನಿವಾರ ಸಂಜೆ ಊರಿಗೆ ಬಂದು, ಸೋಮವಾರದವರೆಗೂ ಯಾರದೋ ಗೋಡೌನಿನಲ್ಲಿ ಕೂತಿತ್ತು. ತಗಡಿನ ಚಾವಣಿ, ಮೇ ತಿಂಗಳು. ಅವತ್ತಿನಿಂದ ಶುಕ್ರವಾರ, ಶನಿವಾರದ ಡೆಲಿವರಿಗೆ ನಾನು ಒಪ್ಪುವುದಿಲ್ಲ.

ಹೇಗೆ ಕರಗಿಸಬೇಕು? ಲೆಕ್ಕ ಹೇಳಿಕೊಡಿ.

ಡೇಟಾಶೀಟಿನಲ್ಲಿ ಯಾವ ದ್ರವ ಹೇಳಿದ್ದಾರೋ ಅದರಲ್ಲೇ ಕರಗಿಸಿ. ಒಂದು ಕಂಪನಿಯದ್ದಕ್ಕೆ ಬರೀ ಸ್ಟೆರೈಲ್ ನೀರು, ಇನ್ನೊಂದರದ್ದಕ್ಕೆ ಪಿಬಿಎಸ್ (ಉಪ್ಪಿನ ಬಫರ್ ದ್ರವ) ಇರಬಹುದು. ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 0.1 ಮಿಲಿಗ್ರಾಮಿಗಿಂತ ತೆಳು ಮಾಡಬೇಡಿ ಅಂತ ಇರುತ್ತದೆ.

10 ಮೈಕ್ರೋಗ್ರಾಂ ಟ್ಯೂಬಿಗೆ 100 ಮೈಕ್ರೋಲೀಟರ್ ಹಾಕಿದರೆ ಪ್ರತಿ ಮೈಕ್ರೋಲೀಟರಿನಲ್ಲಿ 100 ನ್ಯಾನೋಗ್ರಾಂ. ಇದು ಸ್ಟಾಕ್. ಇದನ್ನು 10 ಮೈಕ್ರೋಲೀಟರಿನಂತೆ ಹತ್ತು ಚಿಕ್ಕ ಟ್ಯೂಬಿಗೆ ಹಂಚಿ. ಪ್ರಯೋಗದ ದಿನ ಒಂದು ಟ್ಯೂಬ್ ತೆಗೆದು 990 ಮೈಕ್ರೋಲೀಟರ್ ಮೀಡಿಯಂ (ಕೋಶ ಬೆಳೆಸುವ ದ್ರವ) ಸೇರಿಸಿದರೆ ಪ್ರತಿ ಮೈಕ್ರೋಲೀಟರಿಗೆ 1 ನ್ಯಾನೋಗ್ರಾಂ ಆಯಿತು. ಇದರಲ್ಲಿ 10 ಮೈಕ್ರೋಲೀಟರನ್ನು ಒಂದು ಮಿಲಿಲೀಟರ್ ಮೀಡಿಯಮ್ಮಿಗೆ ಹಾಕಿದರೆ 10 ನ್ಯಾನೋಗ್ರಾಮಿನ ಡೋಸ್. ಒಂದು ಸಲ ಕಾಗದದ ಮೇಲೆ ನೀವೇ ಮಾಡಿ ನೋಡಿ.

ದ್ರವವನ್ನು ಗೋಡೆಯ ಮೇಲಿಂದ ಮೆಲ್ಲಗೆ ಇಳಿಸಿ. ಐದು ಹತ್ತು ನಿಮಿಷ ಹಾಗೇ ಬಿಡಿ. ಬೆರಳಿನಿಂದ ಹಗುರವಾಗಿ ತಟ್ಟಿ. ಜೋರಾಗಿ ಅಲುಗಾಡಿಸುವ ವೋರ್ಟೆಕ್ಸ್ ಯಂತ್ರದ ಮೇಲೆ ಇಡಲೇಬೇಡಿ. ನೊರೆ ಬಂತು ಅಂದರೆ ಪ್ರೋಟೀನ್ ಹಾಳಾಗುತ್ತಿದೆ ಅಂತಲೇ ಲೆಕ್ಕ.

ಬಿಎಸ್‌ಎ ಸೇರಿಸಬೇಕಾ?

ಪ್ರೋಟೀನ್ ತೀರಾ ತೆಳುವಾದಾಗ ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿಕೊಳ್ಳುತ್ತದೆ. ಜೊತೆಗೂಡಿದ ಆ ಮೂರು ತುಂಡುಗಳೂ ಸಡಿಲವಾಗುತ್ತವೆ. 0.1 ಶೇಕಡಾ ಬಿಎಸ್‌ಎ (ದನದ ರಕ್ತದ ಅಲ್ಬುಮಿನ್ ಪ್ರೋಟೀನ್) ಇದ್ದರೆ ಗೋಡೆಗೆ ಅದು ಹೋಗಿ ಅಂಟುತ್ತದೆ, ನಿಮ್ಮ ಟಿಎನ್‌ಎಫ್ ಉಳಿಯುತ್ತದೆ. ಸೀರಂ ಇರುವ ಮೀಡಿಯಮ್ಮಿನಲ್ಲಿ ತೆಳು ಮಾಡುವುದಾದರೆ ಬೇರೆ ಬೇಕಿಲ್ಲ. ಆದರೆ ಪ್ರೋಟೀನಿಗೆ ಬಣ್ಣದ ಲೇಬಲ್ ಹಚ್ಚುವುದು, ಇಲಿಗೆ ಚುಚ್ಚುವುದು, ಪ್ಲೇಟಿಗೆ ಕೋಟ್ ಮಾಡುವುದು ಇಂಥ ಕೆಲಸಕ್ಕೆ ಬಿಎಸ್‌ಎ ಇಲ್ಲದ್ದೇ ಬೇಕು. ಅದನ್ನು ಕ್ಯಾರಿಯರ್-ಫ್ರೀ ಅಂತ ಮಾರುತ್ತಾರೆ.

ಎಲ್ಲಿಡಬೇಕು? ಕರೆಂಟ್ ಹೋದರೆ?

ಕರಗಿಸಿ ಹಂಚಿದ ಟ್ಯೂಬುಗಳಿಗೆ ಮೈನಸ್ 80 ಒಳ್ಳೆಯದು. ಮೈನಸ್ 20ರಲ್ಲೂ ಕೆಲವು ತಿಂಗಳು ನಡೆಯುತ್ತದೆ. ಆದರೆ ತನ್ನಷ್ಟಕ್ಕೆ ಐಸ್ ಕರಗಿಸಿಕೊಳ್ಳುವ ಫ್ರಾಸ್ಟ್-ಫ್ರೀ ಫ್ರೀಜರ್ ಬೇಡ. ಅದು ಆಗಾಗ ಒಳಗೆ ಬಿಸಿ ಮಾಡಿಕೊಳ್ಳುತ್ತದೆ, ನಿಮ್ಮ 10 ಮೈಕ್ರೋಲೀಟರ್ ಅಷ್ಟರಲ್ಲೇ ಕರಗಿ ಮತ್ತೆ ಹೆಪ್ಪುಗಟ್ಟುತ್ತದೆ. ಹಾಗೆ ಪದೇ ಪದೇ ಆಗುವುದೇ ಪ್ರೋಟೀನಿಗೆ ಎಲ್ಲಕ್ಕಿಂತ ದೊಡ್ಡ ಶತ್ರು.

ಕರೆಂಟ್ ವಿಷಯ. ಒಂದು ಬೇಸಿಗೆ ರಜೆಯ ಭಾನುವಾರ ನಮ್ಮ ಕಟ್ಟಡದಲ್ಲಿ ಎಷ್ಟೋ ಹೊತ್ತು ಕರೆಂಟ್ ಇರಲಿಲ್ಲ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಎಲ್ಲ ಗಟ್ಟಿಯಾಗಿಯೇ ಇತ್ತು. ಆಮೇಲೆ ಒಂದು ತಿಂಗಳು ಯಾರ ಪ್ರಯೋಗವೂ ಸರಿ ಬರಲಿಲ್ಲ. ನಡುವೆ ಕರಗಿ, ಕರೆಂಟ್ ಬಂದ ಮೇಲೆ ಮತ್ತೆ ಹೆಪ್ಪುಗಟ್ಟಿತ್ತು ಅಂತ ತಿಳಿಯುವಷ್ಟರಲ್ಲಿ ಒಬ್ಬ ಹುಡುಗನ ಪ್ರಾಜೆಕ್ಟಿನ ಅರ್ಧ ಸಮಯ ಮುಗಿದಿತ್ತು. ಆ ಹುಡುಗನ ಮುಖ ನನಗೆ ಇವತ್ತಿಗೂ ನೆನಪಿದೆ.

ಈಗ ಪ್ರತಿ ಫ್ರೀಜರಿನಲ್ಲೂ ಒಂದು ಚಿಕ್ಕ ಲೋಟ ಇದೆ. ಅದರಲ್ಲಿ ಹೆಪ್ಪುಗಟ್ಟಿದ ನೀರು, ಮೇಲೆ ಒಂದು ರೂಪಾಯಿ ನಾಣ್ಯ. ನಾಣ್ಯ ಮೇಲೆಯೇ ಇದ್ದರೆ ಸರಿ. ಒಳಗೆ ಮುಳುಗಿ ಐಸಿನಲ್ಲಿ ಸಿಕ್ಕಿಕೊಂಡಿದ್ದರೆ ಫ್ರೀಜರ್ ಕರಗಿತ್ತು ಅಂತ ಅರ್ಥ. ಒಂದು ರೂಪಾಯಿ ಖರ್ಚು, ಇವತ್ತೇ ಇಡಿ.

ಎಷ್ಟು ಡೋಸ್ ಹಾಕಬೇಕು? ಎಷ್ಟು ಹೊತ್ತು ಬಿಡಬೇಕು?

ಮಿಲಿಲೀಟರಿಗೆ 1ರಿಂದ 100 ನ್ಯಾನೋಗ್ರಾಮಿನೊಳಗೆ ಹೆಚ್ಚಿನ ಕೆಲಸ ಆಗುತ್ತದೆ. 10ರಿಂದ ಶುರು ಮಾಡಿ. ಹೊತ್ತು ನೀವು ಏನು ನೋಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಕೋಶದೊಳಗೆ ಉರಿಯೂತದ ಜೀನುಗಳನ್ನು ಎಬ್ಬಿಸುವ ಎನ್‌ಎಫ್-ಕಪ್ಪಾ-ಬಿ ದಾರಿ ಬಹಳ ಬೇಗ ತೆರೆಯುತ್ತದೆ. ಅದನ್ನು ಹಿಡಿದಿಟ್ಟಿರುವ ಐ-ಕಪ್ಪಾ-ಬಿ ಪ್ರೋಟೀನ್ ಹತ್ತು ಹದಿನೈದು ನಿಮಿಷದಲ್ಲೇ ಮಾಯವಾಗುತ್ತದೆ, ಸುಮಾರು ಒಂದು ಗಂಟೆಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇದನ್ನು ನೋಡಬೇಕಾದವರು ಟಿಎನ್‌ಎಫ್ ಹಾಕಿ ಊಟಕ್ಕೆ ಹೋಗಿ ಬಂದರೆ ಏನೂ ಸಿಗುವುದಿಲ್ಲ.

ಪ್ರೋಟೀನ್ ಕೆಲಸ ಮಾಡುತ್ತಿದೆ ಅಂತ ನಾವೇ ಪರೀಕ್ಷೆ ಮಾಡಬಹುದಾ?

ಮಾಡಬಹುದು, ಮಾಡಲೇಬೇಕು. ಎಲ್929 ಕೋಶ ಇದ್ದರೆ ಸಾಕು. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ಕೋಶಗಳನ್ನು ತರಿಸಿಕೊಳ್ಳಬಹುದು.

96 ಗುಂಡಿಯ ಪ್ಲೇಟಿನಲ್ಲಿ ಕೋಶ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಆಕ್ಟಿನೋಮೈಸಿನ್ ಡಿ ಜೊತೆ ಟಿಎನ್‌ಎಫ್ ಹಾಕಿ. ಡೋಸನ್ನು ಹಂತ ಹಂತವಾಗಿ ತೆಳು ಮಾಡುತ್ತಾ ಹೋಗಿ. ಸುಮಾರು 20 ಗಂಟೆ ಆದ ಮೇಲೆ ಕ್ರಿಸ್ಟಲ್ ವಯಲೆಟ್ ಅನ್ನೋ ಬಣ್ಣ ಹಾಕಿ ತೊಳೆಯಿರಿ. ಬದುಕಿರುವ ಕೋಶ ಅಂಟಿಕೊಂಡಿರುತ್ತದೆ, ನೇರಳೆ ಬಣ್ಣ ಹಿಡಿಯುತ್ತದೆ. ಸತ್ತದ್ದು ನೀರಲ್ಲಿ ಹೋಗುತ್ತದೆ. ಪ್ಲೇಟನ್ನು ಬಿಳಿ ಹಾಳೆಯ ಮೇಲೆ ಇಟ್ಟರೆ ಒಂದು ಕಡೆ ಬರೀ ಬಿಳಿ ಗುಂಡಿ, ಆಮೇಲೆ ತಿಳಿ ನೇರಳೆ, ಕೊನೆಗೆ ಕಡು ನೇರಳೆ. ಈ ಸಾಲನ್ನು ಮೊದಲ ಸಲ ಕಣ್ಣಾರೆ ನೋಡಿದಾಗ ಆಗುವ ಖುಷಿಯೇ ಬೇರೆ.

ಆಕ್ಟಿನೋಮೈಸಿನ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಟಿಎನ್‌ಎಫ್ ಕೋಶಕ್ಕೆ ಸಾಯಲು ಹೇಳುತ್ತದೆ, ಜೊತೆಗೇ ಎನ್‌ಎಫ್-ಕಪ್ಪಾ-ಬಿ ಮೂಲಕ ಬದುಕುವ ಪ್ರೋಟೀನುಗಳನ್ನೂ ತಯಾರಿಸಲು ಹೇಳುತ್ತದೆ. ಆಕ್ಟಿನೋಮೈಸಿನ್ ಹೊಸ ಆರ್‌ಎನ್‌ಎ ಬರೆಯುವುದನ್ನೇ ನಿಲ್ಲಿಸುತ್ತದೆ. ಬದುಕಿಸುವ ಪ್ರೋಟೀನ್ ಬರುವುದಿಲ್ಲ, ಕೋಶ ಬೇಗ ಸಾಯುತ್ತದೆ. "ಟಿಎನ್‌ಎಫ್ ಹಾಕಿದರೂ ಕೋಶ ಸಾಯುತ್ತಿಲ್ಲ" ಅಂತ ಬಂದವರನ್ನು ನಾನು ಮೊದಲು ಕೇಳುವುದು ಇದನ್ನೇ. ಆಕ್ಟಿನೋಮೈಸಿನ್ ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಬೆಳಕಿನಿಂದ ದೂರ ಇಡಿ. ಅದನ್ನು ಮಾತ್ರ ಹಾಕಿದ ಗುಂಡಿಗಳೂ ಕಂಟ್ರೋಲ್ ಆಗಿ ಇರಲಿ.

ಅರ್ಧ ಕೋಶ ಸಾಯುವ ಡೋಸ್ ಒಳ್ಳೆಯ ಪ್ರೋಟೀನಿನಲ್ಲಿ ಮಿಲಿಲೀಟರಿಗೆ 0.1 ನ್ಯಾನೋಗ್ರಾಮಿಗಿಂತ ಕಡಿಮೆ ಇರುತ್ತದೆ. 10 ಲಕ್ಷವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಒಂದು ಮಿಲಿಗ್ರಾಮಿಗೆ ಎಷ್ಟು ಯೂನಿಟ್ ಅಂತ ಬರುತ್ತದೆ. 0.05 ಬಂದರೆ 2 ಕೋಟಿ ಯೂನಿಟ್. ಹೊಸ ಟ್ಯೂಬ್ ಬಂದ ವಾರವೇ ಈ ಪರೀಕ್ಷೆ ಮಾಡಿ ಸಂಖ್ಯೆ ಬರೆದಿಡಿ. ಮುಂದೆ ಅನುಮಾನ ಬಂದಾಗ ಹೋಲಿಸಲು ಬೇಕಾಗುತ್ತದೆ.

ಎಂಡೋಟಾಕ್ಸಿನ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಬೇಕು. ನನ್ನನ್ನು ಕೇಳಿದರೆ ಈ ಪುಟದಲ್ಲಿ ಇದೇ ಮುಖ್ಯ ಪ್ರಶ್ನೆ.

ಇ. ಕೋಲೈ ಬ್ಯಾಕ್ಟೀರಿಯಾದ ಹೊರಗೋಡೆಯಲ್ಲಿ ಇರುವ ವಸ್ತು ಎಂಡೋಟಾಕ್ಸಿನ್, ಎಲ್‌ಪಿಎಸ್ ಅಂತಲೂ ಅನ್ನುತ್ತಾರೆ. ಮ್ಯಾಕ್ರೋಫೇಜ್‌ಗಳು ಇದರ ವಾಸನೆ ಬಿದ್ದರೂ ಸಾಕು, ತಾವೇ ಟಿಎನ್‌ಎಫ್, ಐಎಲ್-6 (ಇನ್ನೊಂದು ಸೈಟೋಕೈನ್) ಎಲ್ಲ ಬಿಡಲು ಶುರು ಮಾಡುತ್ತವೆ. ಆಗ ನೀವು ನೋಡುತ್ತಿರುವುದು ಟಿಎನ್‌ಎಫ್ ಮಾಡಿದ್ದೋ, ಎಂಡೋಟಾಕ್ಸಿನ್ ಮಾಡಿದ್ದೋ? ಹೇಳಲು ಆಗುವುದಿಲ್ಲ.

ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಹೋಗಿ ಎಷ್ಟೋ ಹೊತ್ತಾದರೂ ಕೆಂಪು ಧೂಳು ಎಲೆಗಳ ಮೇಲೆ ಕೂತಿರುತ್ತದಲ್ಲ, ಇದೂ ಹಾಗೇ. ಬ್ಯಾಕ್ಟೀರಿಯಾ ಸತ್ತರೂ ಎಂಡೋಟಾಕ್ಸಿನ್ ಉಳಿಯುತ್ತದೆ. ಆಟೋಕ್ಲೇವಿನ 121 ಡಿಗ್ರಿಗೆ ಅದು ಬಗ್ಗುವುದಿಲ್ಲ. ಗಾಜಿನ ಸಾಮಾನನ್ನು ಒಣ ಓವನ್ನಿನಲ್ಲಿ 250 ಡಿಗ್ರಿಗೆ ಅರ್ಧ ಗಂಟೆ ಇಟ್ಟರೆ ಹೋಗುತ್ತದೆ.

ಈಗ ಒಂದು ಲೆಕ್ಕ ನೋಡಿ. ನಿಮ್ಮ ಟ್ಯೂಬಿನ ಮೇಲೆ ಮೈಕ್ರೋಗ್ರಾಮಿಗೆ 1 ಎಂಡೋಟಾಕ್ಸಿನ್ ಯೂನಿಟ್‌ಗಿಂತ ಕಡಿಮೆ ಅಂತ ಇದೆ ಅನ್ನಿ. ನೀವು ಹಾಕುವುದು ಮಿಲಿಲೀಟರಿಗೆ 10 ನ್ಯಾನೋಗ್ರಾಂ. ಅಂದರೆ ಕೋಶಕ್ಕೆ ತಲುಪುವುದು 0.01 ಯೂನಿಟ್ ಒಳಗೆ. ಅದು ತೀರಾ ಕಡಿಮೆ. ಹಾಗಾದರೆ ತೊಂದರೆ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ನಮ್ಮದೇ ನೀರಿನಿಂದ.

ಕೊಪ್ಪಳದ ಕಡೆಯ ಒಬ್ಬ ವಿದ್ಯಾರ್ಥಿನಿ ರಾ 264.7 ಕೋಶದಲ್ಲಿ ಐಎಲ್-6 ಅಳೆಯುತ್ತಿದ್ದಳು. ಟಿಎನ್‌ಎಫ್ ಹಾಕಿದ ಗುಂಡಿಯಲ್ಲೂ, ಬರೀ ಪಿಬಿಎಸ್ ಹಾಕಿದ ಗುಂಡಿಯಲ್ಲೂ ಹೆಚ್ಚು ಕಡಿಮೆ ಒಂದೇ ಉತ್ತರ. ಮೂರು ಸಲ ಮಾಡಿದಳು. ಮೂರನೇ ಸಲ ಅಳುತ್ತಾ ಬಂದಳು. ಇಬ್ಬರೂ ಕೂತು ಒಂದೊಂದೇ ಬಾಟಲಿ ನೋಡುತ್ತಾ ಹೋದೆವು. ಕೊನೆಗೆ ಸಿಕ್ಕಿದ್ದು ಡಿಸ್ಟಿಲ್ಡ್ ವಾಟರಿನ ಕ್ಯಾನು. ವಾರಗಟ್ಟಲೆ ಮೂಲೆಯಲ್ಲಿ ನಿಂತಿತ್ತು, ಒಳಗೆ ಕೈ ಹಾಕಿದರೆ ಗೋಡೆ ಜಾರುತ್ತಿತ್ತು. ಆ ನೀರಲ್ಲಿ ಪಿಬಿಎಸ್ ಮಾಡಿ ಆಟೋಕ್ಲೇವ್ ಮಾಡಿದ್ದಳು. ಬ್ಯಾಕ್ಟೀರಿಯಾ ಸತ್ತಿತ್ತು, ಗೋಡೆಯ ಚೂರು ಉಳಿದಿತ್ತು. ಇಂಜೆಕ್ಷನ್‌ಗೆ ಬಳಸುವ ನೀರು ತಂದು ಹೊಸದಾಗಿ ಮಾಡಿದೆವು. ಕಂಟ್ರೋಲ್ ಗುಂಡಿ ಸುಮ್ಮನಾಯಿತು.

ಎರಡು ಕಂಟ್ರೋಲ್ ಯಾವಾಗಲೂ ಇಡಿ. ಒಂದು, ಕುದಿಸಿದ ಟಿಎನ್‌ಎಫ್. ಕುದಿಸಿದರೆ ಪ್ರೋಟೀನ್ ಸಾಯುತ್ತದೆ, ಎಂಡೋಟಾಕ್ಸಿನ್ ಸಾಯುವುದಿಲ್ಲ. ಕುದಿಸಿದ ಮೇಲೂ ಕೋಶ ಉತ್ತರ ಕೊಟ್ಟರೆ ಅದು ಟಿಎನ್‌ಎಫ್ ಅಲ್ಲ. ಇನ್ನೊಂದು, ಎಂಡೋಟಾಕ್ಸಿನ್ನನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಸೇರಿಸಿದ ಗುಂಡಿ. ಅದನ್ನು ಹಾಕಿದಾಗ ಉತ್ತರ ಬಿದ್ದುಹೋದರೂ ಅನುಮಾನ ಎಂಡೋಟಾಕ್ಸಿನ್ ಮೇಲೆಯೇ.

ಟಿಎನ್‌ಎಫ್ ಹಾಕಿದ ಮೇಲೆ ಎಲೈಸಾದಲ್ಲಿ ಟಿಎನ್‌ಎಫ್ ಜಾಸ್ತಿ ಬಂದಿದೆ. ಇದು ಫಲಿತಾಂಶವಾ?

ಅಲ್ಲ, ನೀವು ಹಾಕಿದ್ದನ್ನೇ ಅಳೆದಿದ್ದೀರಿ. ಬದಲಿಗೆ ಐಎಲ್-6 ಅಳೆಯಿರಿ. ಕೋಶ ತಾನೇ ಟಿಎನ್‌ಎಫ್ ಮಾಡಿತಾ ಅಂತ ನೋಡಬೇಕಿದ್ದರೆ ಆರ್‌ಎನ್‌ಎ ತೆಗೆದು ಕ್ಯೂಪಿಸಿಆರ್ (ಆ ಆರ್‌ಎನ್‌ಎ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ಮಾಡಿ. ಈ ಪ್ರೋಟೀನನ್ನು ಎಲೈಸಾ ಸ್ಟ್ಯಾಂಡರ್ಡ್ ಆಗಿಯೂ ಬಳಸಬೇಡಿ, ಕಿಟ್ಟಿನ ಜೊತೆ ಬಂದದ್ದನ್ನೇ ಬಳಸಿ.

ಗಿಡದ ರಸ ಉರಿಯೂತ ಕಡಿಮೆ ಮಾಡುತ್ತದಾ ಅಂತ ನೋಡಬೇಕು. ಯಾವುದನ್ನು ಮೊದಲು ಹಾಕಲಿ?

ನಮ್ಮ ಕಡೆಯ ಪ್ರಾಜೆಕ್ಟುಗಳಲ್ಲಿ ಅರ್ಧಕ್ಕರ್ಧ ಇದೇ ಇರುತ್ತದೆ. ಸಾಮಾನ್ಯವಾಗಿ ರಸ ಹಾಕಿ ಒಂದು ಗಂಟೆ ಬಿಟ್ಟು ಟಿಎನ್‌ಎಫ್ ಹಾಕುತ್ತಾರೆ. ಆದರೆ ಮೊದಲು ಬರೀ ರಸ ಹಾಕಿ ಕೋಶ ಬದುಕಿದೆಯಾ ನೋಡಿ. ಸತ್ತ ಕೋಶವೂ ಐಎಲ್-6 ಬಿಡುವುದಿಲ್ಲ, ಅದನ್ನೇ "ಉರಿಯೂತ ಇಳಿಯಿತು" ಅಂತ ಬರೆದ ಪ್ರಾಜೆಕ್ಟ್ ರಿಪೋರ್ಟುಗಳನ್ನು ನಾನು ನೋಡಿದ್ದೇನೆ. ರಸ ಕರಗಿಸಿದ ಡಿಎಂಎಸ್‌ಒ ದ್ರಾವಕ ಅಷ್ಟೇ ಪ್ರಮಾಣದಲ್ಲಿ ಕಂಟ್ರೋಲ್‌ಗೂ ಹೋಗಬೇಕು. ಹಳ್ಳಿಯಿಂದ ತಂದ ಬೇರು, ಎಲೆಗಳ ಮೇಲೆ ಮಣ್ಣಿನ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ, ಹಾಗಾಗಿ ಎಂಡೋಟಾಕ್ಸಿನ್ ಇಲ್ಲಿಯೂ ನುಗ್ಗುತ್ತದೆ.

ಇಲಿಗೆ ಇಂಜೆಕ್ಷನ್ ಕೊಡಬಹುದಾ?

ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವವರೆಗೂ ಇಲ್ಲ. ಒಪ್ಪಿಗೆ ಬಂದ ಮೇಲೂ ಎಂಡೋಟಾಕ್ಸಿನ್ ತೀರಾ ಕಡಿಮೆ ಇರುವ, ಬಿಎಸ್‌ಎ ಇಲ್ಲದ ಟ್ಯೂಬನ್ನೇ ತರಿಸಿ. ಟಿಎನ್‌ಎಫ್ ಜಾಸ್ತಿಯಾದರೆ ಇಲಿ ಶಾಕ್‌ಗೆ ಹೋಗಿ ಸಾಯುತ್ತದೆ. ಅದು ನೋವು ತಿನ್ನುವ ಜೀವ. ಕೋಶದಲ್ಲೇ ಉತ್ತರ ಸಿಗುವ ಪ್ರಶ್ನೆಗೆ ಇಲಿಯನ್ನು ಎಳೆಯಬೇಡಿ.

ನಮ್ಮ ಅಮ್ಮನಿಗೆ ಸಂಧಿವಾತ. ಇದು ಔಷಧಿ ಆಗುತ್ತದಾ?

ಖಂಡಿತ ಆಗುವುದಿಲ್ಲ. ಫೋನಿನಲ್ಲಿ ಇದನ್ನು ಕೇಳಿದವರು ಒಬ್ಬಿಬ್ಬರಲ್ಲ, ಅವರ ಕಷ್ಟ ಅರ್ಥ ಆಗುತ್ತದೆ. ಈ ಟ್ಯೂಬ್ ಲ್ಯಾಬಿಗೆ ಮಾತ್ರ, ಮನುಷ್ಯರಿಗೆ ಅಪಾಯ. ರುಮಟಾಯ್ಡ್ ಸಂಧಿವಾತದಲ್ಲಿ ಟಿಎನ್‌ಎಫ್ ಮೊದಲೇ ಜಾಸ್ತಿ ಇರುತ್ತದೆ. ಅಲ್ಲಿ ಕೊಡುವುದು ಅದನ್ನು ತಡೆಯುವ ಔಷಧಿ. ಈ ಕಾಯಿಲೆಗೆ ಇನ್‌ಫ್ಲಿಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ 1999ರಲ್ಲಿ, ಅಡಾಲಿಮುಮ್ಯಾಬ್‌ಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಕ್ಷಯದ ರೋಗಾಣುವನ್ನು ಮೈಯೊಳಗೆ ಕಟ್ಟಿಹಾಕಿ ಇಡಲು ಟಿಎನ್‌ಎಫ್ ಬೇಕು. ಅದಕ್ಕೇ ಆ ಔಷಧಿ ಕೊಡುವ ಮೊದಲು ಟಿಬಿ ಪರೀಕ್ಷೆ ಮಾಡಿಸುತ್ತಾರೆ. ಅಮ್ಮನನ್ನು ಸಂಧಿವಾತ ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಡೇಟು ಮುಗಿದ ಟ್ಯೂಬ್ ಇದೆ. ಬಿಸಾಡಲಾ?

ಒಣ ಪುಡಿಯಾಗಿ ಸರಿಯಾಗಿ ಇಟ್ಟಿದ್ದರೆ ಎಲ್929 ಪರೀಕ್ಷೆ ಮಾಡಿ ನೋಡಿ. ಹಳೆಯ ಸಂಖ್ಯೆಯ ಹತ್ತಿರ ಬಂದರೆ ಹೊಸಬರಿಗೆ ಕೈ ಪಳಗಿಸಲು ಕೊಡಿ. ಥೀಸಿಸಿಗೆ ಹೋಗುವ ಪ್ರಯೋಗಕ್ಕೆ ಬೇಡ. ಕರಗಿಸಿ ಎಷ್ಟೋ ತಿಂಗಳಾದದ್ದು, ಯಾವಾಗ ಕರಗಿಸಿದ್ದು ಅಂತ ಬರೆಯದೇ ಇರುವುದು ಬಿಸಾಡಿ. ಟ್ಯೂಬಿನ ಮೇಲೆ ತಾರೀಖು ಬರೆಯುವಾಗ ಮಾರ್ಕರಿನ ಮೇಲೆ ಪಾರದರ್ಶಕ ಟೇಪ್ ಹಚ್ಚಿ. ಸ್ಪಿರಿಟ್ ಒರೆಸಿದಾಗ ಮೊದಲು ಹೋಗುವುದು ಆ ಬರಹವೇ.